ಒಳ್ಳೆಯದು ಬಂದಿತ್ತು

ನನಗೊಂದು ಕೆಟ್ಟ ಅಭ್ಯಾಸ ಉಂಟು. ಕೆಟ್ಟ ಅಭ್ಯಾಸ ಎಂದ ಕೂಡಲೇ ನನ್ನ ಹದಿನೇಳರ ವಯಸ್ಸನ್ನು ನೆನೆದು ಏನೇನೋ ಊಹಿಸಬೇಡಿ. ನಮ್ಮದು ಬೆಳ್ಳುಳ್ಳಿಗೂ ಒಳಗೆ ಪ್ರವೇಶವಿಲ್ಲದ ಜೈನರ ಮನೆ. ಅದಕ್ಕಿಂತ ದೊಡ್ಡ ಅಪರಾಧಿಯನ್ನು ಹೊಸ್ತಿಲು ದಾಟಿಸುವ ಧೈರ್ಯ ನನಗಿಲ್ಲ. ನನ್ನ ಅಭ್ಯಾಸ ಇಷ್ಟೇ: ಎಲ್ಲಿ ನಾಯಿ ಕಂಡರೂ ಅದರ ಮೇಲ್ದುಟಿ ಎತ್ತಿ, ವಸಡನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಒತ್ತಿದ ಜಾಗ ಬೆಳ್ಳಗಾಗುತ್ತದೆ. ಬೆರಳು ತೆಗೆದು ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಅದು ಮತ್ತೆ ಗುಲಾಬಿಯಾಗಬೇಕು. ಆದರೆ ನಾಯಿ ಪಾಸು.

ವೇಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಲಗುವ ಎಲ್ಲ ನಾಯಿಗಳ ವಸಡೂ ನನಗೆ ಪರಿಚಯ. ಮೂಡುಬಿದಿರೆಯಲ್ಲಿ ನಮ್ಮ ಕಾಲೇಜಿನ ಗೇಟಿನ ಹತ್ತಿರ ಇರುವ ಮೂರು ನಾಯಿಗಳು ಈಗ ನನ್ನ ಬಸ್ಸಿನ ಹಾರ್ನು ಕೇಳಿದರೆ ಎದ್ದು ಹೋಗುತ್ತವೆ. ಅವುಗಳಲ್ಲಿ ಒಂದು, ಕಿವಿ ಹರಿದದ್ದು, ಒಮ್ಮೆ ನನ್ನ ವಸಡನ್ನು ನೋಡಲು ತಾನೂ ಆಸಕ್ತಿ ತೋರಿಸಿತು. ಅಂದಿನಿಂದ ಗೆಳೆಯರು ನನ್ನನ್ನು ದಂತವೈದ್ಯ ಎಂದು ಕರೆಯುತ್ತಾರೆ. ಬೆಕ್ಕುಗಳ ತಂಟೆಗೆ ನಾನು ಹೋಗುವುದಿಲ್ಲ. ಬೆಕ್ಕಿನ ತುಟಿ ಎತ್ತಿದವನಿಗೆ ಮುಂದೆ ಎತ್ತಲು ಬೆರಳೇ ಉಳಿಯುವುದಿಲ್ಲ.

ಈ ವಿದ್ಯೆಯನ್ನು ನಾನು ಕಲಿತದ್ದು ನಮ್ಮ ಬೊಗ್ಗನ ಬಾಯಿಯಲ್ಲಿ. ಕಲಿತದ್ದು ಒಂದು ಗಂಟೆ ತಡವಾಗಿ.

ಬೊಗ್ಗ ನಮ್ಮ ನಾಯಿ. ಕಂದು ಮೈ, ಬಿಳಿ ಸಾಕ್ಸು, ಬಾಲದ ತುದಿ ಮಾತ್ರ ಬೇರೆ ಯಾವುದೋ ನಾಯಿಯದ್ದು ತಂದು ಅಂಟಿಸಿದ ಹಾಗೆ ಕಪ್ಪು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೆಳ್ತಂಗಡಿಯ ಅತ್ತೆಯ ಮನೆಯಿಂದ ಅವನನ್ನು ಶಾಲೆಯ ಚೀಲದಲ್ಲಿ ಅಡಗಿಸಿ ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಚೀಲ ಕುಂಯ್ ಎಂದಿತು. ಕಂಡಕ್ಟರ್ ಬಂದು ಚೀಲವನ್ನೇ ನೋಡಿ, ‘ಇದಕ್ಕೆ ಅರ್ಧ ಟಿಕೇಟಾ, ಪೂರ್ತಿಯಾ?’ ಎಂದು ಕೇಳಿದ. ನಾನು, ‘ಮಡಿಲಲ್ಲಿ ಕೂರುವ ಮಕ್ಕಳಿಗೆ ಟಿಕೇಟಿಲ್ಲ’ ಎಂದೆ. ಇಡೀ ಬಸ್ಸು ನಕ್ಕಿತು.

ಇದು ನಾನು ಕಾಲೇಜಿನಲ್ಲಿ ಹೇಳುವ ಕತೆ. ನಿಜ ಏನೆಂದರೆ ಕಂಡಕ್ಟರ್ ಏನೂ ಕೇಳಲಿಲ್ಲ. ನಾನು ಕೊನೆಯ ಸೀಟಿನಲ್ಲಿ ಕುಳಿತು, ಮರಿ ಉಸಿರುಗಟ್ಟಿ ಸತ್ತೇಹೋಗಿದೆ ಎಂದು ಹೆದರಿ, ದಾರಿಯುದ್ದಕ್ಕೂ ಅಳುತ್ತ ಬಂದೆ. ಅಜ್ಜಿಗೆ ನನ್ನ ಈ ಗುಣ ಚೆನ್ನಾಗಿ ಗೊತ್ತು. ‘ಇವನು ಹೇಳಿದ್ದನ್ನು ನಾಲ್ಕು ಮಡಿಕೆ ಮಡಚಬೇಕು, ಆಮೇಲೆ ನಿಜದಷ್ಟು ಸಣ್ಣ ಆಗ್ತದೆ’ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಬೊಗ್ಗನನ್ನು ಮೊದಲು ಬೇಡ ಎಂದವರು ಅಜ್ಜಿ, ಆಮೇಲೆ ಅವನನ್ನು ಪೂರ್ತಿ ತಮ್ಮವನನ್ನಾಗಿ ಮಾಡಿಕೊಂಡವರೂ ಅವರೇ. ಅಜ್ಜಿ ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ. ಬೊಗ್ಗನಿಗೂ ಅದೇ ನಿಯಮ ಹಾಕಿದರು. ಸಂಜೆ ಆರಕ್ಕೆ ಮೊದಲು ಹಿಂದಿನ ಜಗಲಿಯಲ್ಲಿ ಅವನ ಅಲ್ಯುಮಿನಿಯಂ ಬಟ್ಟಲಿಗೆ ಅನ್ನ, ತೊವ್ವೆ, ಒಂದು ಚಮಚ ತುಪ್ಪ. ಬೊಗ್ಗ ಕಣ್ಣು ಅರ್ಧ ಮುಚ್ಚಿ, ಹೋದ ಜನ್ಮದಲ್ಲಿ ಎಲ್ಲೋ ಬಸದಿಯಲ್ಲೇ ಇದ್ದವನ ಹಾಗೆ, ಭಕ್ತಿಯಿಂದ ತಿನ್ನುತ್ತಿದ್ದ. ಅಜ್ಜಿಗೆ ಹೆಮ್ಮೆ. ‘ನೋಡು, ಒಂದು ದಿನ ತಪ್ಪಿಸಿದವನಲ್ಲ.’

ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿದ ಐದು ನಿಮಿಷಕ್ಕೆ ಬೊಗ್ಗ ಪಾಗಾರದ ಗೋಡೆ ಹಾರುತ್ತಿದ್ದ. ಆಚೆಗೆ ಲಿಲ್ಲಿ ಬಾಯಿಯವರ ಮನೆ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಬಾಯಿ ಎಂದರೆ ಅವರಲ್ಲಿ ಅಕ್ಕ, ಅಮ್ಮ ಎಂದ ಹಾಗೆ; ಮೊದಲು ಟೀಚರ್ ಆಗಿದ್ದವರು, ಈಗ ನಿವೃತ್ತರು; ಒಬ್ಬರೇ ಇದ್ದಾರೆ, ಒಂದು ಹಳೆಯ ಮಾರುತಿ ಕಾರಿನೊಂದಿಗೆ. ಅಲ್ಲಿ ಬೊಗ್ಗನಿಗೆ ಬೂತಾಯಿ ಮೀನಿನ ತಲೆಗಳು ಕಾದಿರುತ್ತಿದ್ದವು. ರಾತ್ರಿಯಾಗುವುದರೊಳಗೆ ಬಾಯಿ ನೆಕ್ಕುತ್ತ, ಮುಖದಲ್ಲಿ ಏನೂ ಇಲ್ಲದವನಂತೆ ಬಂದು ಅಜ್ಜಿಯ ಬಾಗಿಲಲ್ಲಿ ಮಲಗುತ್ತಿದ್ದ. ಏಳು ವರ್ಷ ಎರಡು ಧರ್ಮಗಳನ್ನು ಒಂದೇ ಹೊಟ್ಟೆಯಲ್ಲಿ ನಿಭಾಯಿಸಿದವನು ಅವನು. ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮೀನಿನ ವಾಸನೆ ಮೂಗಿಗೆ ಬಂದರೆ ಅಜ್ಜಿ, ‘ಗಾಳಿ ಆ ಬದಿಯಿಂದ ಬೀಸ್ತಾ ಉಂಟು’ ಎಂದಷ್ಟೇ ಹೇಳುತ್ತಿದ್ದರು.

ಅಜ್ಜಿಯ ಮಾತೇ ಹಾಗೆ. ಕೆಲವು ಶಬ್ದಗಳನ್ನು ಅವರು ಬಾಯಿಗೆ ತರುವುದಿಲ್ಲ. ದೀಪವನ್ನು ಅವರು ಎಂದೂ ಆರಿಸಿದವರಲ್ಲ, ‘ದೊಡ್ಡದು’ ಮಾಡುತ್ತಾರೆ. ಡಬ್ಬಿಯಲ್ಲಿ ಅಕ್ಕಿ ಮುಗಿಯುವುದಿಲ್ಲ, ‘ಹೆಚ್ಚಾಗುತ್ತದೆ’. ಚಿಕ್ಕವನಿದ್ದಾಗ ಅಕ್ಕಿ ಹೆಚ್ಚಾಗಿದೆ ಎಂದು ಕೇಳಿ ನಾನು ಕುಣಿದದ್ದುಂಟು. ಇನ್ನು ನಾಗರಹಾವು. ಅದರ ಹೆಸರನ್ನು ಹಗಲಲ್ಲಿಯೂ ಹೇಳುವುದಿಲ್ಲ. ಹೆಸರು ಹೇಳಿದರೆ ಕರೆದ ಹಾಗಂತೆ. ಕಂಡರೆ ಕೈಮುಗಿದು, ತುಳುವಿನಲ್ಲಿ ‘ಎಡ್ಡೆಂತಿನ’ ಎನ್ನುತ್ತಾರೆ, ಎಂದರೆ ‘ಒಳ್ಳೆಯದು’. ಒಳ್ಳೆಯದು ಬಂತು. ಒಳ್ಳೆಯದು ಹೋಯಿತು. ನಮ್ಮ ಕಡೆ ಹಳಬರೆಲ್ಲ ಹೀಗೆಯೇ ಹೇಳುವುದು, ನನಗಿದು ಹುಟ್ಟಿದಾಗಿನಿಂದ ಗೊತ್ತು. ಗೊತ್ತಿತ್ತು ಎಂಬುದನ್ನು ನೀವು ದಯವಿಟ್ಟು ನೆನಪಿಡಿ; ನಾನಂತೂ ಮರೆತಿಲ್ಲ.

ಹೋದ ವರ್ಷ, ಪರೀಕ್ಷೆಗೆ ಒಂದು ವಾರ ಇರುವಾಗ, ನಮ್ಮ ಮನೆಯಲ್ಲಿ ಅಕ್ಕನಿಗೆ ಗಂಡು ಹುಡುಕುವ ಗೌಜಿ ನಡೆಯುತ್ತಿತ್ತು. ಬೆಳಗ್ಗೆ ಎದ್ದರೆ ಅಪ್ಪನ ಫೋನಿನಲ್ಲಿ, ‘ಒಳ್ಳೆಯದು ಇದ್ದರೆ ಹೇಳಿ.’ ಮಧ್ಯಾಹ್ನ ಅಮ್ಮನ ಫೋನಿನಲ್ಲಿ, ‘ನಾರಾವಿ ಕಡೆಯಿಂದ ಒಂದು ಒಳ್ಳೆಯದು ಬಂದದ್ದುಂಟು.’ ಹೀಗೆ ಒಂದು ತಿಂಗಳು ಒಳ್ಳೆಯದು ಎಂಬ ಶಬ್ದ ಹಾವಿನ ಕೈತಪ್ಪಿ ಅಕ್ಕನ ಪಾಲಿಗೆ ಬಂದಿತ್ತು. ಆ ದಿನ ಅಪ್ಪ, ಅಮ್ಮ, ಅಕ್ಕ ಮೂವರೂ ಒಬ್ಬ ಹುಡುಗನನ್ನು ನೋಡಲು ಕಾರ್ಕಳಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮತ್ತು ಬೊಗ್ಗ ಮಾತ್ರ.

ನಾನು ಬಸ್ಸಿಳಿದು ಮನೆಗೆ ಬಂದಾಗ ಗಂಟೆ ಐದು. ಕಿವಿಯಲ್ಲಿ ಇಯರ್‌ಫೋನು. ಅಜ್ಜಿ ಎದುರಿನ ಜಗಲಿಯಲ್ಲಿ ನಿಂತಿದ್ದರು, ಬಾಯಿ ಅಲುಗುತ್ತಿತ್ತು. ಒಂದು ಕಿವಿಯದ್ದನ್ನು ತೆಗೆದೆ. ಎರಡೂ ತೆಗೆಯಬಹುದಿತ್ತು.

‘ಒಳ್ಳೆಯದು ಬಂದಿತ್ತು ಮಾರಾಯ’ ಎಂದರು.

‘ಇಲ್ಲಿಗೇ ಬಂತಾ? ಅಪ್ಪ ಅಲ್ಲಿಗೆ ಹೋದದ್ದಲ್ವಾ!’

‘ಹಿಂದಿನ ದಾರಿಯಿಂದ ಬಂತು.’

‘ಹೇಗುಂಟು ಅಜ್ಜಿ? ಉದ್ದ ಉಂಟಾ?’

‘ಉದ್ದ ಉಂಟು. ಕಪ್ಪು.’

‘ಅಯ್ಯೋ, ಅಕ್ಕನಿಗೆ ಬಿಳಿಯೇ ಆಗಬೇಕಂತೆ.’

ಅಜ್ಜಿಯ ಎಡಗಿವಿ ಸ್ವಲ್ಪ ದೂರ, ಕೇಳುವುದು ಕಡಿಮೆ. ಅವರು ತಮ್ಮ ಪಾಡಿಗೆ ಮುಂದುವರಿಸಿದರು. ‘ಬೊಗ್ಗ ಒಂದೇ ಸಮನೆ ಬೊಬ್ಬೆ. ಮೈಮೇಲೇ ಹೋದ. ನಾನು ಕೈಮುಗಿದೆ. ಆಮೇಲೆ ಹೋಯಿತು.’

‘ಕೈಮುಗಿದು ಕಳಿಸಿದಿರಾ? ಒಂದು ಲೋಟ ಚಾ ಕೂಡ ಇಲ್ಲ? ಅಕ್ಕ ನಿಮ್ಮನ್ನು ಬಿಡುವುದಿಲ್ಲ ಇವತ್ತು!’

ನಾನು ನನ್ನ ಮಾತಿಗೆ ನಾನೇ ನಗುತ್ತ ಮತ್ತೆ ಇಯರ್‌ಫೋನು ಸಿಕ್ಕಿಸಿಕೊಂಡೆ. ಅಜ್ಜಿ ನಾನು ನಕ್ಕದ್ದನ್ನು ನೋಡಿ, ಹುಡುಗನಿಗೆ ಹೆದರಿಕೆ ಇಲ್ಲ ಎಂದುಕೊಂಡು ಒಲೆಯ ಹತ್ತಿರ ಹೋದರು. ಕಚ್ಚಿದ್ದು ಅವರಿಗೆ ಗೊತ್ತಿರಲಿಲ್ಲ. ಬಂದದ್ದು, ಹೋದದ್ದು ಮಾತ್ರ ನೋಡಿದ್ದರು.

ಹಿಂದಿನ ಜಗಲಿಗೆ ಹೋದರೆ ಬೊಗ್ಗ ಅಂಗಳದಲ್ಲಿ ನಡೆಯುತ್ತಿದ್ದ. ನಡೆಯುತ್ತಿದ್ದ ಎನ್ನುವುದು ಮರ್ಯಾದೆಯ ಮಾತು. ಹಿಂದಿನ ಕಾಲುಗಳು ಒಂದು ಕಡೆಗೆ ಹೊರಟರೆ ಮುಂದಿನವು ಇನ್ನೊಂದು ಕಡೆಗೆ. ಕಣ್ಣಿನ ರೆಪ್ಪೆ ಅರ್ಧಕ್ಕೆ ಜಾರಿತ್ತು. ಬಾಯಿಯ ಒಂದು ಬದಿಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ನನಗೆ ತಟ್ಟನೆ ಹೊಳೆಯಿತು. ಲಿಲ್ಲಿ ಬಾಯಿಯ ಹಿತ್ತಿಲಲ್ಲಿ ಗೇರುಬೀಜ ಕಿತ್ತುಕೊಂಡು ಬಿಸಾಡಿದ ಗೇರುಹಣ್ಣಿನ ರಾಶಿ ಕೊಳೆಯುತ್ತಿತ್ತು. ಅದರ ಹುಳಿ ವಾಸನೆ ನಮ್ಮ ಅಂಗಳದವರೆಗೆ ಬರುತ್ತಿತ್ತು. ಅದನ್ನು ತಿಂದ ದನ ತೂರಾಡಿದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಬೊಗ್ಗ ಕುಡಿದಿದ್ದಾನೆ!

ಇಂಥ ಅದೃಷ್ಟ ಯಾರಿಗೆ ಬರುತ್ತದೆ ಹೇಳಿ? ಜೈನರ ಮನೆಯ ನಾಯಿ ಟೈಟ್. ನಾನು ಫೋನು ತೆಗೆದೆ.

ಆ ವಿಡಿಯೋದಲ್ಲಿ ನನ್ನ ಧ್ವನಿ ಉಂಟು. ‘ನೋಡಿ ಸ್ನೇಹಿತರೇ, ಶ್ರೀಯುತ ಬೊಗ್ಗನವರು ಈಗಷ್ಟೇ ಪಕ್ಕದ ಬಾರಿನಿಂದ ಹೊರಟಿದ್ದಾರೆ. ಕಣ್ಣು ನೋಡಿ, ಕಣ್ಣು! ಮನೆಗೆ ಹೋದರೆ ಹೆಂಡತಿ ಎಂತ ಹೇಳ್ತಾಳೋ ಎಂಬ ಚಿಂತೆ. ಗಲ್ಲ ಊದಿದೆ, ಚಾಕಣಕ್ಕೆ ಕೊಟ್ಟ ಮೀನನ್ನು ಬಾಯಿಯಲ್ಲೇ ಅಡಗಿಸಿ ತಂದಿದ್ದಾರೆ.’ ಅಲ್ಲಿ ಬೊಗ್ಗ ನನ್ನ ಧ್ವನಿಯ ಕಡೆಗೆ ತಲೆ ತಿರುಗಿಸಿದ. ಹತ್ತಿರ ಬರಲು ನೋಡಿದ, ಆಗಲಿಲ್ಲ, ಕುಳಿತುಬಿಟ್ಟ. ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ‘ಚಪ್ಪಾಳೆ, ಚಪ್ಪಾಳೆ!’ ಎಂದು ನಾನು ಹೇಳಿದ್ದು ಕೂಡ ಅದರಲ್ಲಿ ಉಂಟು.

ಆಮೇಲೆ ಜಗಲಿಯಲ್ಲಿ ಕುಳಿತು ಅದಕ್ಕೆ ಹಿನ್ನೆಲೆ ಸಂಗೀತ ಹಾಕಿದೆ, ಕೆಳಗೆ ಅಕ್ಷರ ಹಾಕಿದೆ, ನಡುವೆ ನಗುವ ಶಬ್ದ ಸೇರಿಸಿದೆ. ಪರೀಕ್ಷೆಗೆ ಓದುವಾಗ ನನಗೆ ಎಂದೂ ಬಾರದ ಏಕಾಗ್ರತೆ ಅಂದು ಬಂತು. ಬೊಗ್ಗ ಹತ್ತು ಹೆಜ್ಜೆ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಮಲಗಿದ್ದ. ಗಂಟೆ ಐದು ನಲವತ್ತಕ್ಕೆ ಕ್ಲಾಸಿನ ಗ್ರೂಪಿಗೆ ಹಾಕಿದೆ. ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳು ಒಂದರ ಹಿಂದೆ ಒಂದು ಬಂದವು. ನಾನು ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಒಬ್ಬ ಮಾತ್ರ, ಕ್ಲಾಸಿನಲ್ಲಿ ಯಾವತ್ತೂ ಬಾಯಿ ಬಿಡದವನು, ‘ಅದಕ್ಕೆ ಹುಷಾರಿಲ್ಲ ಅಲ್ವಾ?’ ಎಂದು ಬರೆದ. ಅವನಿಗೆ, ‘ನಿನಗೆ ಹಾಸ್ಯಪ್ರಜ್ಞೆ ಹುಷಾರಿಲ್ಲ’ ಎಂದು ಕಳಿಸಿದೆ. ಅದಕ್ಕೂ ಹದಿನಾರು ಜನ ನಕ್ಕರು.

ಆರಕ್ಕೆ ಸ್ವಲ್ಪ ಮೊದಲು ಅಜ್ಜಿ ಬಟ್ಟಲು ಹಿಡಿದು ಬಂದರು. ತಮ್ಮ ಊಟಕ್ಕೆ ಮೊದಲು ಅವನದ್ದು, ಅದು ಕ್ರಮ. ‘ಬೊಗ್ಗಾ’ ಎಂದರು. ಅವನು ತಲೆ ಎತ್ತಲಿಲ್ಲ. ಅಜ್ಜಿ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕುಳಿತು, ಅನ್ನದ ಒಂದು ತುತ್ತು ಬಾಯಿಗೆ ಇಟ್ಟರು. ಅದು ಹಾಗೆಯೇ ಜಾರಿ ಹೊರಗೆ ಬಿತ್ತು. ಅವನಿಗೆ ನುಂಗಲು ಆಗುತ್ತಿರಲಿಲ್ಲ.

‘ಸನ್ಮತ್’ ಎಂದು ಕರೆದರು. ಅದು ನನ್ನ ಹೆಸರು. ಅಜ್ಜಿ ನನ್ನನ್ನು ಮಗ ಎನ್ನುತ್ತಾರೆ, ಮೊಮ್ಮಗನಾದ್ದರಿಂದ ಪುಳ್ಳಿ ಎನ್ನುತ್ತಾರೆ; ಹೆಸರು ಹಿಡಿದು ಕರೆಯುವುದಿಲ್ಲ. ‘ಇವನಿಗೆ ತಾಗಿದೆ.’

‘ಕುಡಿದಿದ್ದಾನೆ ಅಜ್ಜಿ. ಗೇರುಹಣ್ಣು.’

‘ಎಂತ ಗೇರುಹಣ್ಣು! ಆಗಲೇ ನಿನಗೆ ಹೇಳಲಿಲ್ವಾ, ಒಳ್ಳೆಯದು ಬಂದಿತ್ತು ಅಂತ?’

ಆಗ ಅವರ ಮಾತಿನ ಸಾಲುಗಳೆಲ್ಲ ಒಂದೊಂದಾಗಿ ನನ್ನ ತಲೆಯಲ್ಲಿ ಸರಿಯಾದ ಜಾಗಕ್ಕೆ ಹೋಗಿ ಕುಳಿತವು. ಹಿಂದಿನ ದಾರಿಯಿಂದ ಬಂತು. ಉದ್ದ ಉಂಟು. ಕಪ್ಪು. ಮೈಮೇಲೇ ಹೋದ. ನಾನು ಕೈಮುಗಿದೆ.

ಮೂಡುಬಿದಿರೆಯಲ್ಲಿ ನಾಯಿ ಬೆಕ್ಕುಗಳ ಒಬ್ಬ ಡಾಕ್ಟರಿದ್ದಾರೆ. ಬಿಜಾಪುರದ ಕಡೆಯವರು, ನಮ್ಮ ಬದಿಗೆ ಬಂದು ಹೆಚ್ಚು ಸಮಯ ಆಗಿರಲಿಲ್ಲ. ಹಿಂದಿನ ವರ್ಷ ಬೊಗ್ಗನಿಗೆ ಚುಚ್ಚುಮದ್ದು ಹಾಕಿದ್ದರಿಂದ ಅವರ ನಂಬರು ನನ್ನ ಹತ್ತಿರ ಇತ್ತು. ಫೋನು ಮಾಡಿ ಸ್ಪೀಕರಿಗೆ ಹಾಕಿ, ಹಾವು ಕಚ್ಚಿದೆ ಎಂದೆ.

‘ಹಾವು ನೋಡೀರೇನು? ಯಾವ ಹಾವದು?’

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, ‘ಒಳ್ಳೆಯದು’ ಎಂದರು.

‘ಒಳ್ಳೇದಾ? ವಿಷ ಇಲ್ಲದ್ದಾದ್ರ ಒಳ್ಳೇದಾತು ಬಿಡ್ರಿ. ಅಂಜಬ್ಯಾಡ್ರಿ.’

‘ಅಲ್ಲ ಡಾಕ್ಟ್ರೇ, ನಾಗರಹಾವು! ನಾಗರಹಾವು!’ ಎಂದು ನಾನು ಕಿರುಚಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡರು.

ಡಾಕ್ಟರ ಧ್ವನಿ ಬದಲಾಯಿತು. ‘ಕೇಳು ತಮ್ಮಾ. ಕೊಯ್ಯಬ್ಯಾಡ, ಕಟ್ಟಬ್ಯಾಡ. ನೀರು, ಹಾಲು, ಅರಿಶಿಣ, ಏನೂ ಬಾಯಾಗ ಹಾಕಬ್ಯಾಡ. ಕೊರಳಪಟ್ಟಿ ಬಿಚ್ಚು. ನಡಿಸಬ್ಯಾಡ, ಎತ್ಕೊಂಡು ಬಾ. ಕೊರಳು ನೆಟ್ಟಗಿರ್ಲಿ, ಜೊಲ್ಲು ಒರಸ್ತಾ ಇರು. ಈಗ ತುಟಿ ಎತ್ತು, ವಸಡು ಒತ್ತಿ ನೋಡು.’

ಎತ್ತಿದೆ. ತುಟಿಯ ಒಳಬದಿಯಲ್ಲಿ ಎರಡು ಸಣ್ಣ ಚುಕ್ಕೆಗಳಿದ್ದವು, ಪೆನ್ನಿನಲ್ಲಿ ಇಟ್ಟ ಹಾಗೆ. ವಸಡು ಒತ್ತಿದೆ. ಬೆಳ್ಳಗಾಯಿತು. ಒಂದು, ಎರಡು, ಮೂರು, ನಾಲ್ಕು.

‘ಕಚ್ಚಿ ಎಷ್ಟೊತ್ತಾತು?’

ಇಲ್ಲಿ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸಂಗತಿಯನ್ನು ಉದ್ದ ಮಾಡುವ ಬದಲು ಗಿಡ್ಡ ಮಾಡಿದೆ. ‘ಈಗಷ್ಟೇ. ಹತ್ತು ನಿಮಿಷ.’

ಅಜ್ಜಿ ನನ್ನ ಮುಖ ನೋಡಿದರು.

ಲಿಲ್ಲಿ ಬಾಯಿಯ ಮಾರುತಿ ಕಾರು ಸಾಮಾನ್ಯವಾಗಿ ಭಾನುವಾರ ಇಗರ್ಜಿಗೆ ಹೋಗಲು ಮಾತ್ರ ಹೊರಡುವುದು, ಅದೂ ಮೂರನೇ ಗೇರಿನ ಮೇಲೆ ಹೋದರೆ ಪಾಪ ತಾಗುತ್ತದೆ ಎಂಬ ಹಾಗೆ. ಅಂದು ನಮ್ಮ ಕೂಗು ಕೇಳಿ ಅವರು ನೈಟಿಯ ಮೇಲೊಂದು ಶಾಲು ಹೊದ್ದು ಬಂದವರೇ, ‘ಸಾಯ್ಬಾ, ದೇವರೇ! ಹತ್ತಿ ಬಾಬಾ, ಹತ್ತಿ ಅಮ್ಮಾ. ಮಾತು ಆಮೇಲೆ’ ಎಂದು ಹೊರಡಿಸಿದರು. ಶಿರ್ತಾಡಿಯ ತಿರುವುಗಳಲ್ಲಿ ಬಸ್ಸುಗಳೇ ಅವರಿಗೆ ದಾರಿ ಬಿಟ್ಟವು. ಹಿಂದಿನ ಸೀಟಿನಲ್ಲಿ ಬೊಗ್ಗ ಅಪ್ಪನ ಮೈಯೊರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ನನ್ನ ಮಡಿಲಲ್ಲಿ ಇದ್ದ. ನಾನು ಇನ್ನೊಂದು ಬೈರಾಸಿನಿಂದ ಅವನ ಜೊಲ್ಲು ಒರೆಸುತ್ತ ಇದ್ದೆ.

‘ನನ್ನ ಹಣ್ಣು ತಿಂದನಾ ಅಂತ ನಾನು ಹೆದರಿದೆ’ ಎಂದರು ಲಿಲ್ಲಿ ಬಾಯಿ, ಕನ್ನಡಿಯಲ್ಲಿ ಹಿಂದೆ ನೋಡುತ್ತ. ‘ಇವನು ಅದನ್ನು ಮೂಸುವುದೂ ಇಲ್ಲ. ಮೀನು ಮಾತ್ರ—’ ಎಂದವರು ನಾಲಗೆ ಕಚ್ಚಿಕೊಂಡರು.

‘ಗೊತ್ತುಂಟು ಬಾಯಿ’ ಎಂದರು ಅಜ್ಜಿ. ‘ಏಳು ವರ್ಷದಿಂದ ಗೊತ್ತುಂಟು. ನೀವು ಕಾರು ಬಿಡಿ.’

ಕ್ಲಿನಿಕ್ಕಿನ ಮೇಜಿನ ಮೇಲೆ ಮಲಗಿಸಿದಾಗ ಬೊಗ್ಗನ ಎದೆ ಏರುವುದು ಹುಡುಕಿ ನೋಡಬೇಕಾದಷ್ಟು ಸಣ್ಣದಾಗಿತ್ತು. ಡಾಕ್ಟರು ಕಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು, ಔಷಧಿ ಹನಿಯಲು ಬಿಟ್ಟರು, ಗಂಟಲಿಗೆ ಕೊಳವೆ ಇಳಿಸಿದರು. ಕೊಳವೆಯ ತುದಿಗೆ ಒಂದು ರಬ್ಬರಿನ ಚೀಲ. ಅದನ್ನು ಒತ್ತಿದರೆ ಬೊಗ್ಗನ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

‘ಹತ್ತು ನಿಮಿಷದಾಗ ಹೊಂಟೀರಿ ಅಂದ್ರ ಇಷ್ಟು ಆಗಬಾರದಿತ್ತು’ ಎಂದರು. ‘ಮೊದಲು ಹೆಂಗ ನಡೀತಿತ್ತು? ಯಾರರೆ ವಿಡಿಯೋ ಮಾಡೀರೇನು?’

ಮಾಡಿದ್ದರಲ್ಲ! ಅಕ್ಷರ ಹಾಕಿ, ಸಂಗೀತ ಹಾಕಿ ಮಾಡಿದ್ದರು. ಇಲ್ಲ ಎನ್ನಬಹುದಿತ್ತು. ಆದರೆ ಅವರು ಬೊಗ್ಗನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದರು. ಆ ಕಣ್ಣು ಅತ್ತಿತ್ತ ಅಲುಗದೆ ನನ್ನ ಕಡೆಗೇ ಇತ್ತು. ನಾನು ಫೋನು ಕೊಟ್ಟೆ.

ಆ ಸಣ್ಣ ಕೋಣೆಯಲ್ಲಿ ನನ್ನ ಧ್ವನಿ ಕೇಳಿತು. ಶ್ರೀಯುತ ಬೊಗ್ಗನವರು. ಕಣ್ಣು ನೋಡಿ, ಕಣ್ಣು. ಚಪ್ಪಾಳೆ, ಚಪ್ಪಾಳೆ. ನಡುನಡುವೆ ನಾನೇ ಸೇರಿಸಿದ ಯಾರದೋ ನಗು. ಡಾಕ್ಟರು ಪೂರ್ತಿ ನೋಡಿದರು, ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಲಿಲ್ಲಿ ಬಾಯಿ ಗೋಡೆಯ ಕಡೆಗೆ ತಿರುಗಿದರು. ಫೋನಿನ ಮೇಲೆ ಗಂಟೆ ಬರೆದಿತ್ತು, ಐದು ನಲವತ್ತು.

‘ಇದನ್ನ ತಗದಿದ್ದು ಎಷ್ಟೊತ್ತಿಗೆ?’

‘ಐದೂಕಾಲಿಗೆ’ ಎಂದೆ. ‘ಕಚ್ಚಿದ್ದು ಐದಕ್ಕೂ ಮೊದಲು.’

‘ಅವನದ್ದಲ್ಲ ತಪ್ಪು’ ಎಂದರು ಅಜ್ಜಿ, ತಮ್ಮ ನಿಧಾನದ, ಪುಸ್ತಕದ ಕನ್ನಡದಲ್ಲಿ. ‘ನಾನು ಸರಿಯಾಗಿ ಹೆಸರು ಹೇಳಲಿಲ್ಲ.’

ಆಗ ನಾನು, ಅಲ್ಲ, ನನ್ನದೇ ತಪ್ಪು ಎನ್ನಬೇಕಿತ್ತು. ಯಾವ ಮಾತಿಗೂ ಇನ್ನೊಂದು ಮಾತು ಸಿದ್ಧ ಇಟ್ಟುಕೊಂಡು ತಿರುಗುವ ನನಗೆ ಆ ಎರಡು ಶಬ್ದ ಬರಲಿಲ್ಲ. ಡಾಕ್ಟರು ರಬ್ಬರಿನ ಚೀಲವನ್ನು ನನ್ನ ಕೈಗೆ ಕೊಟ್ಟು, ‘ನೀ ಒತ್ತು. ನಾ ಎಣಸ್ತೀನಿ’ ಎಂದರು.

ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ಹೊರಗೆ ಕತ್ತಲೆಯಾಯಿತು. ಡಾಕ್ಟರ ಹೆಂಡತಿ ಮೇಲಿನ ಮನೆಯಿಂದ ಚಾ, ಬಿಸ್ಕಿಟು ತಂದರು. ಅಜ್ಜಿ ಕೈಮುಗಿದು ಬೇಡ ಎಂದರು. ಅವರಿಗೆ ಮುಟ್ಟದ ಹೊತ್ತಾಗಿತ್ತು. ಅಂದು ಬೊಗ್ಗನಿಗೆ ಬಡಿಸಲು ಹೋದವರು ತಾವು ಉಂಡಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅವರು ಒಂದು ಕೈಯನ್ನು ಬೊಗ್ಗನ ಹೊಟ್ಟೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕುಳಿತಿದ್ದರು. ನಾನು ಕೊಡುವ ಗಾಳಿಗೆ ಅವರ ಕೈ ಸ್ವಲ್ಪ ಏರುತ್ತಿತ್ತು, ಇಳಿಯುತ್ತಿತ್ತು.

ಎಂಟಾಗುವ ಮೊದಲೇ ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ತುಂಬ ಹೊತ್ತು ಕೇಳಿದರು. ‘ಸಾಕು ತಮ್ಮಾ’ ಎಂದರು. ನಾನು ಒತ್ತುತ್ತಲೇ ಇದ್ದೆ. ಎದೆ ಏರುತ್ತಲೇ ಇತ್ತು. ‘ಅದು ನೀ ಹಾಕೋ ಗಾಳಿ’ ಎಂದು ಅವರು ನನ್ನ ಕೈಯನ್ನು ಬಿಡಿಸಿದರು.

‘ಬೇಗ ಬಂದಿದ್ದರೆ?’ ಎಂದು ಕೇಳಿದವರು ಲಿಲ್ಲಿ ಬಾಯಿ.

‘ಉಳೀತಿತ್ತು ಅಂತ ನಾ ಹೇಳಂಗಿಲ್ಲ’ ಎಂದರು ಡಾಕ್ಟರು. ಆಮೇಲೆ ಕೈತೊಳೆಯುತ್ತ, ‘ಉಳೀತಿರಲಿಲ್ಲ ಅಂತಾನೂ ಹೇಳಂಗಿಲ್ಲ’ ಎಂದರು.

ಬರುವಾಗ ಕಾರು ಮತ್ತೆ ಇಗರ್ಜಿಯ ವೇಗಕ್ಕೆ ಇಳಿದಿತ್ತು. ವೇಣೂರಿನ ಹೊಳೆಯ ಸೇತುವೆ ದಾಟುವಾಗ ನನ್ನ ಕಿಸೆಯಲ್ಲಿ ಫೋನು ಟಿಂಗ್ ಎಂದಿತು. ಇನ್ನೊಬ್ಬ ನಕ್ಕಿದ್ದ.

ಮರುದಿನ ಬೆಳಗ್ಗೆ, ಪಾಗಾರವನ್ನು ಅವನು ಹಾರುತ್ತಿದ್ದ ಜಾಗದ ಬುಡದಲ್ಲಿ, ಬೈರಾಸಿನ ಸಮೇತ ಹೂತೆವು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಆ ಶಬ್ದವನ್ನು ಈಗ ಬರೆಯುವಾಗಲೂ ಕೈ ಸ್ವಲ್ಪ ನಿಲ್ಲುತ್ತದೆ. ಅಕ್ಕನಿಗೆ ಕಾರ್ಕಳದ್ದೇ ಕೂಡಿಬಂತು. ಭಾವ ಗಿಡ್ಡ, ಬಿಳಿ. ವಿಡಿಯೋವನ್ನು ಗ್ರೂಪಿನಿಂದ ತೆಗೆದೆ. ಫೋನಿನಿಂದ ತೆಗೆಯಲು ಎಷ್ಟೋ ಸಲ ಬೆರಳು ಇಟ್ಟಿದ್ದೇನೆ. ಬೊಗ್ಗ ಅಲುಗುವುದು ನನ್ನ ಹತ್ತಿರ ಇರುವುದು ಅದೊಂದರಲ್ಲೇ. ಉಳಿದವೆಲ್ಲ ಫೋಟೋಗಳು, ಅವುಗಳಲ್ಲಿ ಬಾಲ ನಿಂತಿದೆ. ಹಾಗಾಗಿ ಧ್ವನಿ ಪೂರ್ತಿ ಬಂದ್ ಮಾಡಿ ನೋಡುತ್ತೇನೆ. ಕ್ಲಾಸಿನ ಆ ಬಾಯಿ ಬಿಡದವನ ಪಕ್ಕದಲ್ಲಿ ಈಗ ಕೂರುತ್ತೇನೆ.

ಮಳೆಗಾಲ ಮುಗಿದ ಮೇಲೆ ಲಿಲ್ಲಿ ಬಾಯಿ ಒಂದು ಹೆಣ್ಣು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದರು. ಅಜ್ಜಿ, ‘ಬೇಡ ಬಾಯಿ, ಇನ್ನು ನನ್ನಿಂದ ಆಗುವುದಿಲ್ಲ’ ಎಂದು ಒಳಗೆ ಹೋದರು. ಆರಕ್ಕೆ ಮೊದಲು ಅಲ್ಯುಮಿನಿಯಂ ಬಟ್ಟಲು ಹೊರಗೆ ಬಂತು. ಮರಿಯ ಹೆಸರು ಚಿಕ್ಕಿ. ದಿನಕ್ಕೆ ಮೂರು ಸಲ ಅದರ ವಸಡು ಒತ್ತುವುದು ನನ್ನ ಕೆಲಸ. ತುಟಿ ತಾನೇ ಎತ್ತಿ ಕೊಡುವಷ್ಟು ಅದಕ್ಕೂ ಅಭ್ಯಾಸವಾಗಿದೆ.

ಮೊನ್ನೆ ಅಜ್ಜಿ ದೇವರ ಕೋಣೆಯಲ್ಲಿ ದೀಪ ಹಚ್ಚಿ, ಚಿಕ್ಕಿಯನ್ನು ಕರೆಯಲು ಹಿಂದಿನ ಜಗಲಿಗೆ ಹೋಗಿದ್ದರು. ನಾನು ಒಳಗೆ ಓದುತ್ತಿದ್ದೆ, ಕಿವಿಯಲ್ಲಿ ಏನೂ ಇರಲಿಲ್ಲ. ಆಗ ಆ ಧ್ವನಿ ಕೇಳಿತು. ಎಂಬತ್ತರ ಹತ್ತಿರದ ಅಜ್ಜಿಯ ಗಂಟಲಲ್ಲಿ ಅಂಥದ್ದೊಂದು ಉಂಟು ಎಂದು ನನಗೆ ಗೊತ್ತಿರಲಿಲ್ಲ.

‘ಹಾವು! ಸನ್ಮತ್, ಹಾವು! ನಾಗರಹಾವು! ಬಚ್ಚಲಿನ ಹತ್ತಿರ ನಾಗರಹಾವು!’

ಪಾಗಾರದಾಚೆ ಲಿಲ್ಲಿ ಬಾಯಿಯ ಬಾಗಿಲು ತೆರೆದ ಶಬ್ದವಾಯಿತು. ನಾನು ಓಡಿಹೋಗಿ ಮೊದಲು ಚಿಕ್ಕಿಯನ್ನು ಎತ್ತಿಕೊಂಡೆ. ತುಟಿ ಎತ್ತಿದೆ, ಒಳಗೆ ಹೊರಗೆ ನೋಡಿದೆ, ಚುಕ್ಕೆಗಳಿಲ್ಲ. ಒತ್ತಿದೆ. ಒಂದು, ಎರಡು. ಗುಲಾಬಿ. ಆಮೇಲೆ ಟಾರ್ಚು ಬಿಟ್ಟರೆ ಬಚ್ಚಲಿನ ಗೋಡೆಯ ಬುಡದಲ್ಲಿ, ಇಷ್ಟು ಗಲಾಟೆ ಯಾಕೆಂದು ಅರ್ಥವಾಗದ ಹಾಗೆ, ಒಂದು ಹಳದಿ ಕೇರೆಹಾವು ಸೌದೆಯ ಸಂದಿಗೆ ಇಳಿಯುತ್ತಿತ್ತು.

‘ಇದು ಕೇರೆ ಅಜ್ಜಿ’ ಎಂದೆ. ‘ಇಲಿ ಹಿಡಿಯಲು ಬಂದದ್ದು. ನಾಗರ ಅಲ್ಲ.’

ಅಜ್ಜಿ ಕಂಬ ಹಿಡಿದು ನಿಂತಿದ್ದರು. ಕೈ ತಾನಾಗಿ ಎದೆಯ ಹತ್ತಿರ ಜೋಡಿಸಲು ಹೋಗಿ ಅಲ್ಲೇ ನಿಂತಿತು.

‘ಇರಲಿ’ ಎಂದರು. ‘ನನ್ನ ಬಾಯಿಗೆ ಅಭ್ಯಾಸ ಆಗಬೇಕಲ್ಲ ಮಗ.’